ಘಟ್ಟ ಹತ್ತಿ ಬಂದ ಹೋಟೆಲು



ಶಿವಮೊಗ್ಗದ ಜನ ದಿನಕ್ಕೆ ಹತ್ತು ಸಲವಾದರೂ ಆಡುವ 'ಬಿ.ಎಚ್. ರಸ್ತೆ' ಎಂಬ ಹೆಸರಿನಲ್ಲಿ 'ಬಿ' ಎಂದರೆ ಬೆಂಗಳೂರು, 'ಎಚ್' ಎಂದರೆ ಹೊನ್ನಾವರ. ಬೆಂಗಳೂರಿನಿಂದ ಹೊರಟು ತುಮಕೂರು, ಅರಸೀಕೆರೆ, ಕಡೂರು, ತರೀಕೆರೆಗಳನ್ನು ದಾಟಿ ಭದ್ರಾವತಿಗೂ ಅಲ್ಲಿಂದ ಶಿವಮೊಗ್ಗಕ್ಕೂ ಬಂದು, ಸಾಗರದ ಮೇಲೆ ಹಾದು, ಘಟ್ಟ ಇಳಿದು ಕಡಲ ದಂಡೆಯನ್ನು ಮುಟ್ಟುವ ರಸ್ತೆ ಇದು. ಇದೇ ಊರಿನಿಂದ ಇನ್ನೊಂದು ದಾರಿ ತೀರ್ಥಹಳ್ಳಿ, ಆಗುಂಬೆಗಳ ಮೂಲಕ ಉಡುಪಿಗೆ ಇಳಿಯುತ್ತದೆ. ಮತ್ತೊಂದು ಹುಲಿಕಲ್ ಘಾಟಿಯ ಮೂಲಕ ಕುಂದಾಪುರದ ಕಡೆಗೆ. ತುಂಗೆಯ ದಂಡೆಯ ಈ ಕೋಟೆಯೂರು ಹೀಗೆ ಬಯಲುಸೀಮೆಗೂ ಕರಾವಳಿಗೂ ನಡುವಿನ ಬಾಗಿಲು. ಈ ಬಾಗಿಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಉಪ್ಪು, ಒಣಮೀನು, ತೆಂಗು ಬಂದವು. ಮೇಲಿನಿಂದ ಕೆಳಕ್ಕೆ ಮಲೆನಾಡಿನ ಹುಟ್ಟುವಳಿಗಳು ಹೋದವು. ಇಪ್ಪತ್ತನೆಯ ಶತಮಾನದಲ್ಲಿ ಅವುಗಳ ಜತೆಗೆ ಮತ್ತೊಂದು ಸರಕು ಘಟ್ಟ ಹತ್ತಿತು. ಅದು ಹೋಟೆಲು.

ಹೋಟೆಲಿನ ಇತಿಹಾಸವೆಂದರೆ ದೋಸೆಯ ಇತಿಹಾಸ ಎಂದು ಭಾವಿಸುವುದು ವಾಡಿಕೆ. ದೋಸೆ, ಇಡ್ಲಿಗಳು ಹೋಟೆಲಿಗಿಂತ ಬಹಳ ಹಳೆಯವು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ'ಯ ಮಾತು ಬರುತ್ತದೆ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಇಡ್ಲಿಯ ಜತೆಗೆ ದೋಸೆಯೂ ಇದೆ. ಮನೆಯಲ್ಲಿ ಸಾವಿರ ವರ್ಷದಿಂದ ಇದ್ದ ತಿಂಡಿಯನ್ನು ಬೀದಿಯಲ್ಲಿ ಕಾಸು ಕೊಟ್ಟು ತಿನ್ನಲು ಕನ್ನಡಿಗನಿಗೆ ಏಕೆ ಇಷ್ಟು ಕಾಲ ಹಿಡಿಯಿತು ಎಂಬುದು ಯೋಚಿಸಬೇಕಾದ ಸಂಗತಿ. ಅದಕ್ಕೆ ಉತ್ತರ ಪಾತ್ರೆಯಲ್ಲಿಲ್ಲ, ಪಂಕ್ತಿಯಲ್ಲಿದೆ.

'ಅನ್ನವಿಕ್ರಯ' ಎಂಬ ಮಾತು ಹಿರಿಯರಿಗೆ ನೆನಪಿರಬಹುದು. ಅನ್ನವನ್ನು ಇಕ್ಕಬೇಕು, ಮಾರಬಾರದು. ಮಾರುವುದು ಪಾಪ ಎಂಬ ನಂಬಿಕೆ. ದಾರಿಹೋಕನಿಗೆ ಮಠವಿತ್ತು, ಛತ್ರವಿತ್ತು, ಜಾತಿಯವರ ಮನೆಯ ಜಗಲಿಯಿತ್ತು. ಯಾರ ಕೈಯಡಿಗೆಯನ್ನು ಯಾರು ಉಣ್ಣಬಹುದು, ಯಾರ ಪಕ್ಕದಲ್ಲಿ ಯಾರು ಎಲೆ ಹಾಕಿಕೊಳ್ಳಬಹುದು ಎಂಬ ನಿಯಮಗಳು ಕಲ್ಲಿನಲ್ಲಿ ಕೆತ್ತಿದಷ್ಟು ಗಟ್ಟಿಯಾಗಿದ್ದವು. ಅಂಥ ನಾಡಿನಲ್ಲಿ ಗುರುತಿಲ್ಲದವನು ಬೇಯಿಸಿದ್ದನ್ನು, ಗುರುತಿಲ್ಲದವನ ಪಕ್ಕದಲ್ಲಿ ಕುಳಿತು, ದುಡ್ಡು ಕೊಟ್ಟು ತಿನ್ನುವುದು ಸಣ್ಣ ಬದಲಾವಣೆಯಲ್ಲ.

ಈ ಬದಲಾವಣೆ ತಂದವರು ಸುಧಾರಕರಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟ ಕರಾವಳಿಯ ಬಡ ಬ್ರಾಹ್ಮಣರು. ಉಡುಪಿ, ಕುಂದಾಪುರ, ಕಾರ್ಕಳ ಸೀಮೆಯಲ್ಲಿ ಮನೆ ತುಂಬ ಜನ, ಗೇಣಿಯ ಗದ್ದೆ ಅಂಗೈಯಗಲ. 1923ರ ಮಹಾಪ್ರವಾಹ ದಕ್ಷಿಣ ಕನ್ನಡವನ್ನು ತೊಳೆದು ಹಾಕಿದ ಮೇಲೆ ಊರು ಬಿಡುವವರ ಸಾಲು ಬೆಳೆಯಿತು. ಅವರ ಕೈಯಲ್ಲಿದ್ದ ಬಂಡವಾಳ ಒಂದೇ, ಅಡಿಗೆ. ಉಡುಪಿಯ ಅಷ್ಟಮಠಗಳ ಪಾಕಶಾಲೆಗಳಲ್ಲಿ, ಪರ್ಯಾಯದ ಸಂತರ್ಪಣೆಗಳಲ್ಲಿ ಸಾವಿರಾರು ಎಲೆಗೆ ಒಟ್ಟಿಗೆ ಬೇಯಿಸಿ ಬಡಿಸುವ ಕೆಲಸ ಅವರಿಗೆ ತಲೆಮಾರುಗಳಿಂದ ಬಂದದ್ದು. ಎಷ್ಟು ಜನಕ್ಕೆ ಎಷ್ಟು ಅಕ್ಕಿ ಎಂಬುದನ್ನು ಕಾಗದ ಪೆನ್ಸಿಲ್ ಇಲ್ಲದೆ ಹೇಳಬಲ್ಲವರು ಅವರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಶಿವಮೊಗ್ಗ ಮೈಸೂರು ಮಹಾರಾಜರ ಸಂಸ್ಥಾನದಲ್ಲಿ. ಆಗುಂಬೆಯ ತಿರುವುಗಳನ್ನು ಹತ್ತಿ ಬಂದವನು ಬರೀ ಘಟ್ಟವನ್ನಲ್ಲ, ಒಂದು ಸರ್ಕಾರದ ಗಡಿಯನ್ನೂ ದಾಟಿ ಬರುತ್ತಿದ್ದ.

ಕೆಲವರು ಇನ್ನೂ ದೂರ ಹೋದರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಎಂ.ಟಿ.ಆರ್. ಆಯಿತು. ಕಡಂದಲೆಯ ಕೃಷ್ಣರಾಯರು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಎ. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಇವು ಪುಸ್ತಕಗಳಲ್ಲಿ ದಾಖಲಾದ ಹೆಸರುಗಳು. ತೀರ್ಥಹಳ್ಳಿಯಲ್ಲಿ ಒಂದು ಬಾಗಿಲಿನ ಅಂಗಡಿ ಹಿಡಿದು, ಅಲ್ಲಿಂದ ಶಿವಮೊಗ್ಗಕ್ಕೆ, ಶಿವಮೊಗ್ಗದಿಂದ ಭದ್ರಾವತಿಗೆ ಒಲೆ ಸಾಗಿಸಿಕೊಂಡು ಹೋದ ನೂರಾರು ಭಟ್ಟರ, ಐತಾಳರ, ಉಡುಪರ, ಅಡಿಗರ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಈ ಜನ ಪರಿಚಿತರು. ಆ ಕಾದಂಬರಿಯಲ್ಲಿ ಶೀನ ಮಯ್ಯರ ಮನೆಯವರು ಬೆಂಗಳೂರಿನಲ್ಲಿ ಹೋಟೆಲಿಟ್ಟು ಹಣ ಕಾಣುತ್ತಾರೆ. ಊರಿನಲ್ಲಿ ಉಳಿದವರಿಗೆ ಆ ಹಣದ ಮೇಲೆ ಆಸೆಯೂ ಇದೆ, ಆ ಕಸುಬಿನ ಮೇಲೆ ತಾತ್ಸಾರವೂ ಇದೆ.

ಈ ತಾತ್ಸಾರವನ್ನು ಹೋಟೆಲಿನವರು ದಾಟಿದ ಬಗೆ ಜಾಣತನದ್ದು. ಹಳೆಯ ಬೋರ್ಡುಗಳಲ್ಲಿ 'ಫಲಾಹಾರ ಮಂದಿರ', 'ಉಪಾಹಾರ ಗೃಹ' ಎಂದಿರುತ್ತಿತ್ತೇ ಹೊರತು ಊಟದ ಮಾತು ಮೊದಲಿಗೆ ಇರುತ್ತಿರಲಿಲ್ಲ. ಮಡಿವಂತರ ಲೆಕ್ಕದಲ್ಲಿ ಬೆಂದ ಅನ್ನ ಮುಸುರೆ. ಅದಕ್ಕೆ ನಿಯಮ ಹೆಚ್ಚು. ಒಪ್ಪತ್ತಿನ ರಾತ್ರಿ ಅನ್ನ ಬಿಟ್ಟವರು ಕೂಡ ದೋಸೆ, ಉಪ್ಪಿಟ್ಟು, ಅವಲಕ್ಕಿಗಳನ್ನು 'ಫಲಾರ' ಎಂದು ತೆಗೆದುಕೊಳ್ಳುತ್ತಿದ್ದರು. ಹೋಟೆಲು ಒಳಗೆ ಬಂದದ್ದು ಈ ಸಂದಿಯಿಂದ. ಅನ್ನ ಮಾರಿದರೆ ಪಾಪ, ದೋಸೆ ಮಾರಿದರೆ ವ್ಯಾಪಾರ. ಊಟದ ಹೋಟೆಲುಗಳು ಬೋರ್ಡಿಂಗ್ ಎಂಬ ಹೆಸರಿನಲ್ಲಿ ನಿಧಾನಕ್ಕೆ ಹಿಂದಿನಿಂದ ಬಂದವು.

ಇನ್ನೊಂದು ರಾಜಿ ಬಾಣಲೆಯಲ್ಲೇ ಆಯಿತು. ಉಡುಪಿಯ ಮಠದ ಅಡಿಗೆಯಲ್ಲಿ ಈರುಳ್ಳಿಗೆ, ಬೆಳ್ಳುಳ್ಳಿಗೆ ಪ್ರವೇಶವಿಲ್ಲ. ಚಾತುರ್ಮಾಸ್ಯದಲ್ಲಂತೂ ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯಗಳನ್ನೂ ಬಿಡುವ ವ್ರತವಿದೆ. ಆದರೆ ಉಡುಪಿಯ ಹೆಸರನ್ನು ಲೋಕಕ್ಕೆಲ್ಲ ಸಾರಿದ ಮಸಾಲೆ ದೋಸೆಯ ಹೊಟ್ಟೆಯಲ್ಲಿರುವುದು ಆಲೂಗಡ್ಡೆ ಮತ್ತು ಈರುಳ್ಳಿಯ ಪಲ್ಯ! ಉಡುಪಿ ಹೋಟೆಲಿನ ಪಟ್ಟದರಾಣಿ ಉಡುಪಿ ಮಠದ ಅಡಿಗೆಮನೆಗೆ ಸೇರಲಾರಳು. ಗಿರಾಕಿಯ ನಾಲಗೆ ಭಟ್ಟರ ಮಡಿಗಿಂತ ಬಲವಾಗಿತ್ತು ಎನ್ನಬೇಕು. ಕರಾವಳಿಯ ಗೋಳಿಬಜೆ ಘಟ್ಟ ಹತ್ತಿದ ಮೇಲೆ 'ಮಂಗಳೂರು ಬಜ್ಜಿ' ಎಂಬ ಹೊಸ ಹೆಸರು ಪಡೆಯಿತು. ಮಲೆನಾಡಿನ ಅಕ್ಕಿರೊಟ್ಟಿ, ಬಯಲುಸೀಮೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳೂ ಅಕ್ಕಪಕ್ಕದಲ್ಲಿ ಇರುವ ಊರು ಇದು. ಶಿವಮೊಗ್ಗದವನ ಸಂಜೆ ಯಾವ ಕಡೆಗೆ ವಾಲುತ್ತದೆ ಎಂಬುದು ಜೇಬಿನ ಮೇಲೆ, ಮಳೆಯ ಮೇಲೆ ನಿಂತದ್ದು.

ಮಳೆ ಎಂದರೆ ಒಂದು ಮಾತು ಸೇರಿಸಬೇಕು. ಇಡ್ಲಿ, ದೋಸೆಯ ಹಿಟ್ಟು ಸೆಖೆಯ ಊರಿನ ಮಗು. ಅಕ್ಕಿ, ಉದ್ದಿನ ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಬೆಚ್ಚಗಿದ್ದರೆ ರಾತ್ರಿಯೊಳಗೆ ಹುಳಿ ಹುಟ್ಟಿಸಿ, ಗಾಳಿ ತುಂಬಿ ಹಿಟ್ಟನ್ನು ಉಬ್ಬಿಸುತ್ತವೆ. ಕರಾವಳಿಯಲ್ಲಿ ಇದು ತನ್ನಷ್ಟಕ್ಕೇ ಆಗುವ ಕೆಲಸ. ಆಷಾಢದ ಮಲೆನಾಡಿನ ಥಂಡಿಯಲ್ಲಿ ಹಾಗಲ್ಲ. ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಬೇಕು, ಗೋಣಿ ಹೊದಿಸಬೇಕು, ರುಬ್ಬುವ ಹೊತ್ತನ್ನೇ ಮುಂಚೆ ಮಾಡಬೇಕು. ಬೆಳಗಿನ ಆರು ಗಂಟೆಗೆ ಇಡ್ಲಿ ಸಿಗಬೇಕಾದರೆ ಹಿಂದಿನ ಮಧ್ಯಾಹ್ನವೇ ಅದರ ಚಿಂತೆ ಆರಂಭವಾಗುತ್ತಿತ್ತು. ರುಬ್ಬುವ ಯಂತ್ರ ಬರುವ ಮುನ್ನ ಒರಳುಕಲ್ಲಿನ ಮುಂದೆ ಕುಳಿತವರ ತೋಳುಗಳೇ ಹೋಟೆಲಿನ ಯಂತ್ರ.

ಇನ್ನು ಪಂಕ್ತಿಯ ಸಂಗತಿ. ಬ್ರಾಹ್ಮಣ ಬೇಯಿಸಿದ್ದನ್ನು ಎಲ್ಲ ಜಾತಿಯವರೂ ಉಣ್ಣಬಹುದಾಗಿತ್ತು. ಹೋಟೆಲು ಗೆದ್ದದ್ದಕ್ಕೆ ಇದೇ ಮುಖ್ಯ ಕಾರಣ. ಅಂದರೆ ಜಾತಿಯ ಏಣಿಯೇ ಹೋಟೆಲಿಗೆ ಮೊದಲ ಬಂಡವಾಳವಾಯಿತು. ಈ ಮಾತನ್ನು ಮರೆಸಿ ಹೋಟೆಲನ್ನು ಸಮಾನತೆಯ ಮಂದಿರ ಎಂದು ಹೊಗಳುವುದು ಸುಳ್ಳಾದೀತು. ಹಳೆಯ ಮೈಸೂರಿನ ಊರುಗಳ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದ 'ಸ್ಪೃಶ್ಯ' ಜಾತಿಯವರಿಗೆ ಹೊರಗಿನ ಹಜಾರ. ದಲಿತನಿಗೆ ಎರಡೂ ಇಲ್ಲ. ಹಿತ್ತಿಲ ಕಡೆ, ಅಥವಾ ರಸ್ತೆಯಂಚಿನಲ್ಲಿ ನಿಂತು, ಮೇಲಿನಿಂದ ಹೊಯ್ದ ಕಾಫಿಯನ್ನು ತನ್ನದೇ ಚಿಪ್ಪಿನಲ್ಲೋ ಬೇರೆಯಾಗಿ ಇಟ್ಟ ಲೋಟದಲ್ಲೋ ಹಿಡಿಯಬೇಕು. ಕುಡಿದು ತಾನೇ ತೊಳೆದಿಡಬೇಕು. ದುಡ್ಡು ಮಾತ್ರ ಎಲ್ಲರದೂ ಒಂದೇ ಗಲ್ಲಾ ಪೆಟ್ಟಿಗೆಗೆ ಬೀಳುತ್ತಿತ್ತು.

ಊಟದ ಜಾಗ ರಾಜಕೀಯದ ಜಾಗವಾಗುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ರೈಲು ನಿಲ್ದಾಣಗಳ ಊಟದ ಮನೆಗಳಲ್ಲಿ ಬ್ರಾಹ್ಮಣರಿಗೆ, ಉಳಿದವರಿಗೆ ಬೇರೆ ಬೇರೆ ಜಾಗವಿದ್ದದ್ದು ಪೆರಿಯಾರ್ ಚಳವಳಿಯ ನಂತರ 1941ರಲ್ಲಿ ರದ್ದಾಯಿತು. ಅಮೆರಿಕದ ಗ್ರೀನ್ಸ್‌ಬರೋದಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಕಾಫಿ ಕಟ್ಟೆಯ ಮುಂದೆ ಕುಳಿತು ಏಳಲು ಒಪ್ಪದಿದ್ದದ್ದು ಲೋಕಪ್ರಸಿದ್ಧ. ನಮ್ಮ ಸಂವಿಧಾನ ಅದಕ್ಕೂ ಹತ್ತು ವರ್ಷ ಮೊದಲೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿಗಳ, ಸಾರ್ವಜನಿಕ ಭೋಜನಾಲಯಗಳ, ಹೋಟೆಲುಗಳ ಹೆಸರು ಹಿಡಿದೇ ಹೇಳುತ್ತದೆ: ಅಲ್ಲಿಗೆ ಹೋಗಲು ಜಾತಿಯ ಕಾರಣಕ್ಕೆ ಯಾರಿಗೂ ಅಡ್ಡಿಯಿರಬಾರದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿಟ್ಟ ಪಾತ್ರೆ ಪಡಗಗಳನ್ನು ಬಳಸಲು ಅಡ್ಡಿ ಮಾಡುವುದನ್ನೂ ಅಪರಾಧವೆಂದಿತು. ಒಂದು ದೇಶದ ಕಾನೂನು ಕಾಫಿ ಲೋಟದವರೆಗೆ ಕೈ ಚಾಚಬೇಕಾಯಿತು ಎಂದರೆ ಆ ಲೋಟದ ಭಾರವನ್ನು ಊಹಿಸಬಹುದು.

ಕಾನೂನು ಪುಸ್ತಕದಲ್ಲಿದ್ದದ್ದು ಬೀದಿಗೆ ಬರಲು ಒತ್ತಾಸೆ ಬೇಕಿತ್ತು. ಭದ್ರಾವತಿ ಇಲ್ಲಿ ಕಥೆಯೊಳಗೆ ಬರುತ್ತದೆ. ಒಂದು ಕಾಲದ ಬೆಂಕಿಪುರ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನದ ಸಣ್ಣ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ತಮಿಳರು, ತೆಲುಗರು, ಮಲಯಾಳಿಗಳು, ತುಳುವರು, ಬಯಲುಸೀಮೆಯವರು ಕೆಲಸ ಹುಡುಕಿ ಬಂದರು. ಅವರಲ್ಲಿ ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಒಂಟಿ ಗಂಡಸರು. ಪಾಳಿಯ ಸೈರನ್ ಕೂಗಿದಾಗ ಹಸಿದ ಹೊಟ್ಟೆಗಳು ಒಟ್ಟಿಗೆ ಹೊರಗೆ ಬರುತ್ತವೆ. ಆಗ ಒಳಕೋಣೆ ಯಾರದು, ಹಜಾರ ಯಾರದು ಎಂದು ಕೇಳುತ್ತ ಕೂರಲು ಹೋಟೆಲಿನವನಿಗೂ ಪುರುಸೊತ್ತಿಲ್ಲ. ಒಂದೇ ಬಗೆಯ ಬಟ್ಟೆ ತೊಟ್ಟು, ಒಂದೇ ಬಗೆಯ ಮಸಿ ಮೆತ್ತಿಕೊಂಡು ಬಂದವರ ಜಾತಿ ಗುರುತು ಹಿಡಿಯುವುದೂ ಸುಲಭವಲ್ಲ. 1948ರ ಕಾರ್ಖಾನೆಗಳ ಕಾಯಿದೆ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನು ಇರಬೇಕೆಂಬ ವ್ಯವಸ್ಥೆ ತಂದಿತು. ಹಳ್ಳಿಯ ಹೋಟೆಲಿನಲ್ಲಿ ಹೊರಗೆ ನಿಲ್ಲುತ್ತಿದ್ದವನು ಕಾರ್ಖಾನೆಯ ಬೆಂಚಿನ ಮೇಲೆ ಕುಳಿತು ಉಣ್ಣಲು ಕಲಿತ. ಒಮ್ಮೆ ಕುಳಿತು ಉಂಡವನು ಮತ್ತೆ ನಿಂತು ಕುಡಿಯಲು ಒಪ್ಪುವುದು ಕಷ್ಟ.

ಇದೇ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಸಮಿತಿಯ ಕಾರ್ಯಕರ್ತರು ಹಳ್ಳಿ ಹಳ್ಳಿಯಲ್ಲಿ ಎತ್ತಿದ ಪ್ರಶ್ನೆಗಳಲ್ಲಿ ಭೂಮಿಯಿತ್ತು, ಬಾವಿಯಿತ್ತು, ದೇವಸ್ಥಾನವಿತ್ತು. ಅವುಗಳ ಸಾಲಿನಲ್ಲಿಯೇ ಹೋಟೆಲೂ ಇತ್ತು. ಪಟ್ಟಣದ ದೊಡ್ಡ ಹೋಟೆಲುಗಳಲ್ಲಿ ಆ ವೇಳೆಗೆ ಒಳಕೋಣೆಗಳು ಮಾಯವಾಗಿದ್ದವು. ಹಳ್ಳಿಯ ಚಹಾದಂಗಡಿಯಲ್ಲಿ ಬೇರೆ ಲೋಟ ಮಾಯವಾಗಿರಲಿಲ್ಲ. ಕರ್ನಾಟಕದ ಕೆಲವು ಹಳ್ಳಿಗಳಿಂದ ಇಂಥ ಸುದ್ದಿ ಇಂದಿಗೂ ಪತ್ರಿಕೆಗಳಿಗೆ ಬರುತ್ತಲೇ ಇದೆ. ಪ್ಲಾಸ್ಟಿಕ್ ಕಪ್ಪು, ಕಾಗದದ ಲೋಟ ಬಂದ ಮೇಲೆ ಭೇದ ಹೋಯಿತೋ, ಮರೆಯಾಯಿತೋ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ.

ಹೆಂಗಸರ ಕಥೆ ಬೇರೆ. ಹೋಟೆಲಿನ ರುಚಿಯೆಲ್ಲ ಅವರ ಕೈಯಿಂದ ಬಂದದ್ದು, ಹೋಟೆಲು ಮಾತ್ರ ಗಂಡಸರದು. ಬಹುಕಾಲ ಗೌರವಸ್ಥ ಮನೆಯ ಹೆಂಗಸರು ಹೋಟೆಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಗಂಡಸರು ಪೊಟ್ಟಣ ಕಟ್ಟಿಸಿ ಮನೆಗೆ ತಂದರೆ ಉಂಟು. ಆಮೇಲೆ ಬಂದದ್ದು 'ಫ್ಯಾಮಿಲಿ ರೂಮು'. ಮರದ ತಡಿಕೆ, ಮಾಸಿದ ಪರದೆ, ಒಳಗೆ ನಾಲ್ಕು ಕುರ್ಚಿ. ಈಗಿನವರಿಗೆ ನಗು ಬರಬಹುದು. ಆದರೆ ಆ ಪರದೆಯ ಹಿಂದೆ ಕುಳಿತ ಹೆಂಗಸು ಬಹುಶಃ ಜೀವನದಲ್ಲಿ ಮೊದಲ ಸಲ, ಬೇರೊಬ್ಬರು ತಂದಿಟ್ಟ ಬಿಸಿ ತಿಂಡಿಯನ್ನು ಕುಳಿತಲ್ಲೇ ತಿನ್ನುತ್ತಿದ್ದಳು. ಲಂಡನ್ನಿನ ಹದಿನೇಳನೆಯ ಶತಮಾನದ ಕಾಫಿ ಮನೆಗಳನ್ನು ಹರಟೆಯ, ಸುದ್ದಿಯ, ವ್ಯಾಪಾರದ ತವರು ಎನ್ನುತ್ತಾರೆ; ಲಾಯ್ಡ್ಸ್ ಎಂಬ ವಿಮಾ ಸಂಸ್ಥೆ ಹುಟ್ಟಿದ್ದೇ ಒಂದು ಕಾಫಿ ಮನೆಯಲ್ಲಿ. ಸಮಾಜವಾದಿಗಳ ಊರೆನಿಸಿದ್ದ ಶಿವಮೊಗ್ಗದಲ್ಲೂ ಹೋಟೆಲಿನ ಮೂಲೆ ಟೇಬಲ್ಲು, ಬೈ ಟೂ ಕಾಫಿ, ಮಡಿಸಿದ ಪತ್ರಿಕೆ ಎಷ್ಟೋ ವಾದಗಳನ್ನು ಕಂಡಿವೆ. ಎರಡೂ ಕಡೆ ಮಾತಾಡಿದವರು ಗಂಡಸರೇ.

ಹೋಟೆಲಿನ ಕಥೆಯಲ್ಲಿ ಯಾರೂ ಹೆಚ್ಚು ಹೇಳದ ಪಾತ್ರವೊಂದಿದೆ. ಅವನು 'ಮಾಣಿ'. ಕರಾವಳಿಯ ಮಾತಿನಲ್ಲಿ ಮಾಣಿ ಎಂದರೆ ಹುಡುಗ, ಅದರಲ್ಲೂ ಬ್ರಾಹ್ಮಣರ ಹುಡುಗ. ಘಟ್ಟದ ಮೇಲೆ ಅದೇ ಶಬ್ದಕ್ಕೆ ಹೋಟೆಲಿನಲ್ಲಿ ಬಡಿಸುವವನು ಎಂಬ ಅರ್ಥ ಬಂತು. ಒಂದು ಶಬ್ದದ ಅರ್ಥ ಹೀಗೆ ಜಾರಬೇಕಾದರೆ ಎಷ್ಟು ಹುಡುಗರು ಘಟ್ಟ ಹತ್ತಿರಬೇಕು! ಹತ್ತು ಹನ್ನೆರಡು ವರ್ಷದ ಹುಡುಗನನ್ನು ಊರಿನ ಯಾರೋ ನೆಂಟರು ಕೈಹಿಡಿದು ಕರೆತಂದು ಹೋಟೆಲಿಗೆ ಬಿಡುತ್ತಿದ್ದರು. ಮೊದಲು ಲೋಟ ತೊಳೆಯುವುದು, ಟೇಬಲ್ ಒರೆಸುವುದು, ಆಮೇಲೆ ಸಪ್ಲೈಯರ್, ಅದೃಷ್ಟವಿದ್ದರೆ ಒಲೆಯ ಮುಂದೆ, ಇನ್ನೂ ಅದೃಷ್ಟವಿದ್ದರೆ ಗಲ್ಲಾದ ಮೇಲೆ. ಮಲಗುವುದು ಅಕ್ಕಿ ಮೂಟೆಗಳ ಪಕ್ಕ, ಅಥವಾ ಬಾಗಿಲು ಹಾಕಿದ ಮೇಲೆ ಜೋಡಿಸಿಟ್ಟ ಟೇಬಲ್ಲುಗಳ ಮೇಲೆ. ಸಂಬಳ ಕೈಗೆ ಬರುವುದಕ್ಕಿಂತ ಊರಿಗೆ ಮನಿಯಾರ್ಡರ್ ಆಗಿ ಹೋಗುತ್ತಿದ್ದುದೇ ಹೆಚ್ಚು. 'ಅನ್ನಕ್ಕೆ ಕೊರತೆಯಿಲ್ಲ' ಎಂಬುದೊಂದೇ ಅಪ್ಪ ಅಮ್ಮನಿಗೆ ಸಮಾಧಾನ.

ಈ ಹುಡುಗರಲ್ಲಿ ಕೆಲವರು ಮುಂದೆ ಹೋಟೆಲಿನ ಯಜಮಾನರಾದ ಕಥೆಗಳನ್ನು ಎಲ್ಲರೂ ಕೇಳಿದ್ದೇವೆ. ಆಗದವರ ಸಂಖ್ಯೆಯೇ ದೊಡ್ಡದು. ಅವರ ಕಥೆಗೆ ಸನ್ಮಾನದ ಶಾಲು ಸಿಕ್ಕಿಲ್ಲ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ದುಡಿಯುವ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆ ನಡೆಸಿ, ಹಗಲು ತಟ್ಟೆ ಎತ್ತಿದವರನ್ನು ರಾತ್ರಿ ಪುಸ್ತಕದ ಮುಂದೆ ಕೂರಿಸಿದವು. ಅಲ್ಲಿ ಓದಿ ವಕೀಲರಾದವರು, ಬರಹಗಾರರಾದವರು ಇದ್ದಾರೆ. ಘಟ್ಟದ ಮೇಲಿನ ಸಣ್ಣ ಊರುಗಳ ಮಾಣಿಗೆ ಆ ಭಾಗ್ಯ ಕಡಿಮೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಆ ವೇಳೆಗೆ ಮೂರು ನಾಲ್ಕು ತಲೆಮಾರಿನ ಬಾಲ್ಯ ಹೋಟೆಲುಗಳ ಹಿತ್ತಿಲ ನಲ್ಲಿಯ ಕೆಳಗೆ ಕಳೆದುಹೋಗಿತ್ತು. ಶಿವಮೊಗ್ಗ ಹೊಗಳಿಕೊಂಡು ತಿಂದ ದೋಸೆಯಲ್ಲಿ ಅದರ ಪಾಲೂ ಇದೆ.

1974ರ ಭೂಸುಧಾರಣೆಯ ನಂತರ ಕರಾವಳಿಯಿಂದ ಮತ್ತೊಂದು ಅಲೆ ಬಂತು. ಗೇಣಿ ಭೂಮಿ ಉಳುವವನಿಗೆ ಹೋದಾಗ, ಆ ಗೇಣಿಯನ್ನೇ ನಂಬಿದ್ದ ಸಣ್ಣ ಒಡೆಯರು ಮಕ್ಕಳನ್ನು ಹೋಟೆಲಿಗೆ ಕಳಿಸಿದರು. ಅತ್ತ ಬಂಟರು, ಬಿಲ್ಲವರು, ಗೌಡ ಸಾರಸ್ವತರು ಕೂಡ ಈ ಉದ್ಯಮದಲ್ಲಿ ಬಲವಾಗಿ ಬೇರು ಬಿಟ್ಟರು. 'ಉಡುಪಿ ಹೋಟೆಲ್' ಎಂದರೆ ಇಂಥ ಜಾತಿಯವರದು ಎಂಬ ಕಟ್ಟು ಸಡಿಲಾಯಿತು. ಮಲ್ಪೆ, ಗಂಗೊಳ್ಳಿಯ ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಘಟ್ಟ ಹತ್ತತೊಡಗಿದ ಮೇಲೆ ಮೀನೂಟದ ಹೋಟೆಲುಗಳೂ ಬಂದವು. ಕರಾವಳಿಯ ಬಹುಜನರ ನಿಜವಾದ ಊಟ ಅದೇ ತಾನೆ; ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಘಟ್ಟದ ಮೇಲೆ ಅದು ತನ್ನ ಹೆಸರಿನಲ್ಲಿ ಬೋರ್ಡು ಹಾಕಿಕೊಳ್ಳಲು ಸಾಂಬಾರಿಗಿಂತ ಎಷ್ಟೋ ವರ್ಷ ಹೆಚ್ಚು ಕಾಯಬೇಕಾಯಿತು. ಮಿಲಿಟರಿ ಹೋಟೆಲು, ಖಾನಾವಳಿಗಳು ತಮ್ಮದೇ ದಾರಿಯಲ್ಲಿ ಬಂದು ಅವುಗಳ ನೆರೆಯಲ್ಲಿ ನಿಂತಿವೆ.

ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರಂಭವಾದ ಕೆಫೆ ದರ್ಶಿನಿ, ಕುರ್ಚಿಯನ್ನೇ ತೆಗೆದುಹಾಕಿ ಗಿರಾಕಿಯನ್ನು ನಿಲ್ಲಿಸಿಬಿಟ್ಟಿತು. ಆ ಮಾದರಿ ಶಿವಮೊಗ್ಗಕ್ಕೂ ಬಂದಿದೆ. ಯಾರ ಪಕ್ಕ ಯಾರು ಕೂರಬೇಕೆಂದು ಐವತ್ತು ವರ್ಷ ಜಗಳವಾಡಿದ ಮೇಲೆ ಯಾರೂ ಕೂರುವುದೇ ಬೇಡ ಎಂದು ತೀರ್ಮಾನವಾದಂತಿದೆ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಇತರ ಊರುಗಳಿಗೂ ಹಬ್ಬಿದ ಇಂದಿರಾ ಕ್ಯಾಂಟೀನು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಎಂದು ಆರಂಭವಾದಾಗ, ಹಳೆಯ ಛತ್ರದ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿತು.

ಭದ್ರಾವತಿಯ ಹೋಟೆಲುಗಳಿಗೆ ಈಗ ಬೇರೆಯೇ ಕಷ್ಟ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಪಾಳಿ ಬಿಟ್ಟು ಹೊರಗೆ ಬರುವವರೇ ಕಡಿಮೆಯಾದ ಮೇಲೆ ಬೆಳಗಿನ ಆರು ಗಂಟೆಯ ಇಡ್ಲಿ ಯಾರಿಗೆ? ಹೋಟೆಲಿಗೆ ಗಿರಾಕಿ ಕಡಿಮೆಯಾದದ್ದು ಒಂದು ಲೆಕ್ಕ. ಹತ್ತು ಭಾಷೆಯ, ಇಪ್ಪತ್ತು ಜಾತಿಯ ಜನ ದಿನಕ್ಕೆ ಎರಡು ಸಲ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಜಾಗ ತೆಳುವಾದದ್ದು ಇನ್ನೊಂದು ಲೆಕ್ಕ.

ಕರಾವಳಿಯ ಹುಡುಗರು ಈಗ ತಟ್ಟೆ ಎತ್ತಲು ಘಟ್ಟ ಹತ್ತುವುದಿಲ್ಲ. ಓದಿ ಬೆಂಗಳೂರಿಗೋ, ಕೊಲ್ಲಿ ದೇಶಗಳಿಗೋ ಹೋಗುತ್ತಾರೆ. ಅದು ಒಳ್ಳೆಯದೇ. ಅವರ ಜಾಗಕ್ಕೆ ಅಸ್ಸಾಮು, ಒಡಿಶಾ, ಬಿಹಾರಗಳ ಹುಡುಗರು ಬಂದಿದ್ದಾರೆ. ಅಡಿಗೆಮನೆಯಲ್ಲಿ ತುಳು ಕೇಳುತ್ತಿದ್ದ ಕಡೆ ಈಗ ಹಿಂದಿ, ಅಸ್ಸಾಮಿ ಕೇಳುತ್ತದೆ. ಗಲ್ಲಾದ ಮೇಲಿನ ಯಜಮಾನರೂ ಮುರುಕು ಹಿಂದಿ ಕಲಿತಿದ್ದಾರೆ. ಹುಡುಗರು ಮನೆಗೆ ಹಣ ಕಳಿಸುವುದು ಮನಿಯಾರ್ಡರಿನಲ್ಲಲ್ಲ, ಮೊಬೈಲಿನಲ್ಲಿ. ಮಲಗುವ ಜಾಗ ಹಲವು ಕಡೆ ಇನ್ನೂ ಹೋಟೆಲಿನ ಮಹಡಿಯೇ. ಜುಲೈ ತಿಂಗಳ ಮಳೆಯಲ್ಲಿ ಹಿಟ್ಟು ಉಬ್ಬದಿದ್ದರೆ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಬೇಕೆಂಬುದನ್ನು ಅವರೂ ಕಲಿತಿದ್ದಾರೆ.